ಹಳೆಯ ಫಾಯಿಲ್ ಕಾರ್ಡುಗಳನ್ನು ಕೊಳ್ಳುವಾಗ, ಜೋಪಾನ ಮಾಡುವಾಗ

‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಾಟದ ಹಳೆಯ ಫಾಯಿಲ್ ಕಾರ್ಡುಗಳನ್ನು, ಅಂದರೆ ಲೋಹದ ತೆಳುಪದರದಿಂದ ಹೊಳೆಯುವ ಕಾರ್ಡುಗಳನ್ನು, ಸಂಗ್ರಹಿಸಲು ಹೊರಟಿರುವ ಹೊಸಬರು ಬೆಲೆ ಕೇಳುವ ಮೊದಲು ಕಾರ್ಡಿನ ಅಂಚನ್ನು ಗಮನಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕೆಂದು ಕೋರುತ್ತೇನೆ. ಸಾಮಾನ್ಯ ಪ್ಯಾಕೆಟ್ಟುಗಳಲ್ಲಿ ಫಾಯಿಲ್ ಬರತೊಡಗಿದ್ದು 1999ರ ‘ಅರ್ಜಾಸ್ ಲೆಗಸಿ’ ಸರಣಿಯಿಂದ. 2001ರ ‘ಸೆವೆಂತ್ ಎಡಿಷನ್’ನಲ್ಲಿ ಸಾಧಾರಣ ಕಾರ್ಡುಗಳಿಗೆ ಬಿಳಿ ಅಂಚಿದ್ದರೆ ಫಾಯಿಲ್‌ಗಳಿಗೆ ಕಪ್ಪು ಅಂಚಿದೆ, ಆದ್ದರಿಂದ ಆ ಸರಣಿಯ ಬಿಳಿ ಅಂಚಿನ ಕಾರ್ಡನ್ನು ಫಾಯಿಲ್ ಎಂದು ಯಾರಾದರೂ ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ. ಆ ಕಾಲದ ಫಾಯಿಲ್‌ಗಳ ಕೆಳಗಿನ ಎಡಮೂಲೆಯಲ್ಲಿ ಬಾಲವುಳ್ಳ ಉಲ್ಕೆಯ ಗುರುತೂ ಇರುತ್ತದೆ, ನನಗಂತೂ ಅದೇ ಆ ಕಾರ್ಡುಗಳ ಅತ್ಯಂತ ಸುಂದರ ಭಾಗ.

ಗೀರುಗಳು ನೇರವಾಗಿ ತೆಗೆದ ಫೋಟೋದಲ್ಲಿ ಕಾಣುವುದಿಲ್ಲವಾದ್ದರಿಂದ, ಕಾರ್ಡನ್ನು ದೀಪದ ಕೆಳಗೆ ನಿಧಾನವಾಗಿ ಓರೆಯಾಗಿಸುವ ವಿಡಿಯೋ ಕಳುಹಿಸುವಂತೆ ಮಾರುವವರನ್ನು ಕೇಳಿ.

ಮನೆಗೆ ತಂದ ಮೇಲೆ ದೊಡ್ಡ ಶತ್ರು ತೇವಾಂಶ. ಕಾರ್ಡಿನ ಕಾಗದವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಮೇಲಿನ ಲೋಹದ ಪದರ ಹಿಗ್ಗುವುದಿಲ್ಲ. ಹಾಗಾಗಿ ಮಂಗಳೂರಿನಂಥ ಊರಿನ ಮಳೆಗಾಲದಲ್ಲಿ ಕಾರ್ಡು ಚಿತ್ರದ ಕಡೆಗೆ ಬಾಗುತ್ತದೆ, ವಿಪರೀತ ಒಣಗಿದರೆ ಹಿಂದಕ್ಕೆ ಬಾಗುತ್ತದೆ. ಈ ಕಾರಣದಿಂದಲೇ ಬರೀ ಸಿಲಿಕಾ ಜೆಲ್ ತುಂಬುವುದಕ್ಕಿಂತ, ತೇವವನ್ನು ಹೀರುವ ಮತ್ತು ಬಿಡುವ ಎರಡೂ ಕೆಲಸ ಮಾಡುವ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಳಗೊಂದು ಸಣ್ಣ ತೇವಮಾಪಕ ಇರಿಸಿ, ಅದು ಸುಮಾರು 50 ಪ್ರತಿಶತದ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಪಿವಿಸಿ ಇಲ್ಲದ ಕವಚವನ್ನೇ ಬಳಸಿ. ಬಾಗಿದ ಕಾರ್ಡಿಗೆ ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಎಂದಿಗೂ ಮುಟ್ಟಿಸಬೇಡಿ.