ಮೈದಾನವೇ ಇಲ್ಲದ ಕ್ಲಬ್ಬಿನ ಜಾಡು ಹಿಡಿದು

ಲಂಡನ್ನಿನ ಹಳೆಯ ಫುಟ್‌ಬಾಲ್ ಕ್ಲಬ್ಬು ವಾಂಡರರ್ಸ್‌ನ ಚರಿತ್ರೆ ಬರೆಯಲು ಕೂತಾಗ ನಾನು ಮೊದಲು ಹುಡುಕಿದ್ದು ಅದರ ಮೈದಾನವನ್ನು. ಸಿಗಲಿಲ್ಲ. 1859ರಲ್ಲಿ ಹ್ಯಾರೋ ಶಾಲೆಯ ಹಳೆಯ ವಿದ್ಯಾರ್ಥಿಗಳು ಎಪ್ಪಿಂಗ್ ಕಾಡಿನ ಹತ್ತಿರ 'ಫಾರೆಸ್ಟ್' ಅನ್ನುವ ಹೆಸರಲ್ಲಿ ಆಡಲು ಶುರು ಮಾಡಿದರು. 1864ರಲ್ಲಿ ಹೆಸರು ವಾಂಡರರ್ಸ್ ಆಯಿತು, ಅಂದರೆ ಅಲೆಮಾರಿಗಳು. ಆಮೇಲೆ ಬ್ಯಾಟರ್ಸೀ ಪಾರ್ಕ್, ಓವಲ್, ಎದುರಾಳಿಯ ಅಂಗಳ, ಹೀಗೆ ಜಾಗ ಸಿಕ್ಕಲ್ಲಿ ಆಟ.

ಹಾಗಾಗಿ ಅವರ ಕಥೆಯನ್ನು ಎದುರಾಳಿಗಳ ಕಡೆಯಿಂದ ಹುಡುಕಿದೆ. ಸ್ಕ್ಯಾನ್ ಆದ ಹಳೆಯ ಪತ್ರಿಕೆಗಳಲ್ಲಿ 'ವಾಂಡರರ್ಸ್' ಅಂತ ಸುಮ್ನೆ ಹಾಕಿದರೆ ಬೇಡದ ಸುದ್ದಿಯೇ ಜಾಸ್ತಿ. ಎದುರಾಳಿಯ ಹೆಸರು, ತಾರೀಖು ಸೇರಿಸಿದರೆ ಬೇಗ ಸಿಗುತ್ತದೆ. ಪಂದ್ಯಕ್ಕೊಂದು ಕಾರ್ಡ್ ಬರೆದಿಟ್ಟೆ, ಆಟಗಾರನಿಗೊಂದು ಕಾರ್ಡ್.

1872ರ ಮಾರ್ಚ್ 16ರಂದು ಓವಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿ ಎಫ್.ಎ. ಕಪ್‌ನ ಮೊದಲ ಫೈನಲ್. ಸೈನ್ಯದ ತಂಡ ರಾಯಲ್ ಎಂಜಿನಿಯರ್ಸ್ ವಿರುದ್ಧ ವಾಂಡರರ್ಸ್‌ಗೆ 1-0 ಗೆಲುವು. ಗೋಲು ಹೊಡೆದವನು ಎ. ಎಚ್. ಚೆಕರ್. ಅವನಿಗೂ ಒಂದು ಕಾರ್ಡ್ ಮಾಡಿದ್ದೆ. ಆದರೆ ಅಂಥ ಆಟಗಾರನೇ ಇರಲಿಲ್ಲ. ಅದು ಮಾರ್ಟನ್ ಪೀಟೋ ಬೆಟ್ಸ್ ಇಟ್ಟುಕೊಂಡ ಗುಪ್ತನಾಮ. ಹ್ಯಾರೋ ಚೆಕರ್ಸ್ ಅನ್ನುವ ತಂಡದ ನಂಟಿನಿಂದ ಬಂದ ಹೆಸರು. ಮೊದಲ ಸುತ್ತಿನಲ್ಲಿ ವಾಂಡರರ್ಸ್ ಎದುರು ಕಣಕ್ಕಿಳಿಯದೆ ಹಿಂದೆ ಸರಿದದ್ದೂ ಅದೇ ಚೆಕರ್ಸ್! ಎರಡು ಕಾರ್ಡ್ ಸೇರಿಸಿ ಒಂದು ಮಾಡಿದೆ. ಅಂದಿನಿಂದ ಬರೀ ಇನಿಷಿಯಲ್ ಇರುವ ಹೆಸರನ್ನು ಎರಡು ಸಲ ನೋಡದೆ ಬರೆಯುವುದಿಲ್ಲ.

ಆ ಕಪ್‌ನ ದಾರಿಯನ್ನು ಕಾರ್ಡ್‌ಗಳಲ್ಲಿ ಜೋಡಿಸಿದಾಗ ಬೆರಗಾಯಿತು. ಫೈನಲ್ ತಲುಪುವವರೆಗೆ ಆಡಿ ಗೆದ್ದದ್ದು ಒಂದೇ ಪಂದ್ಯ, ಕ್ಲಾಪಮ್ ರೋವರ್ಸ್ ವಿರುದ್ಧ. ಸೆಮಿಫೈನಲ್ ಡ್ರಾ ಆಯಿತು. ಮತ್ತೊಮ್ಮೆ ಲಂಡನ್ನಿಗೆ ಬರುವ ಖರ್ಚು ಭರಿಸಲಾಗದೆ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಬಿಟ್ಟುಕೊಟ್ಟಿತು. ಹಾಗಂತ ಈ ಕ್ಲಬ್ಬನ್ನು ಅದೃಷ್ಟವಂತ ಅಂದುಬಿಡುವುದು ಸರಿಯಲ್ಲ, ಅಲ್ವಾ? ಒಟ್ಟು ಐದು ಸಲ ಕಪ್ ಗೆದ್ದರು. 1876, 77, 78 ಸತತ ಮೂರು.

ನನಗೆ ತುಂಬ ಇಷ್ಟವಾದ ಕಾರ್ಡ್ ವಿಲಿಯಂ ಕೆನ್ಯನ್-ಸ್ಲೇನಿಯದು. ಹುಟ್ಟಿದ್ದು ನಮ್ಮ ಗುಜರಾತಿನ ರಾಜ್‌ಕೋಟ್‌ನಲ್ಲಿ. 1873ರ ಮಾರ್ಚ್ 8ರಂದು ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಗೋಲು ಅವನದು. ಅದೇ ತಿಂಗಳು ವಾಂಡರರ್ಸ್ ಪರ ಫೈನಲ್ ಆಡಿ ಕಪ್ ಎತ್ತಿದ.

1878ರ ನಂತರದ ಕಾರ್ಡ್‌ಗಳು ತೆಳುವಾಗುತ್ತವೆ. ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಂತಮ್ಮ ತಂಡ ಕಟ್ಟಿಕೊಂಡು ಅತ್ತ ಹೋದರು. ಮುಂದಿನ ಸೀಸನ್ನಿನ ಮೊದಲ ಸುತ್ತಿನಲ್ಲೇ ಎಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ ಓಲ್ಡ್ ಎಟೋನಿಯನ್ಸ್ ಎದುರು 7-2 ಸೋಲು. ಆ ಕಾರ್ಡ್ ತುಂಬುವಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಕೊನೆಕೊನೆಗೆ ಉಳಿದದ್ದು ಹ್ಯಾರೋ ಶಾಲೆಯ ಹುಡುಗರ ಜೊತೆ ವರ್ಷಕ್ಕೊಂದು ಆಟ.