ಪಾದದ ಎಲುಬು ಕೂಡಿದ ಮೇಲೆ ಸೈಕಲ್: ಪೆಡಲಿಗಿಂತ ನೆಲವೇ ಕಷ್ಟ

"ಸೈಕಲಿನಲ್ಲಿ ಕಾಲಿಗೆ ಭಾರವೇ ಬೀಳುವುದಿಲ್ಲ ಮಾರಾಯ್ರೇ, ನಡೆಯುವುದಕ್ಕಿಂತ ಒಳ್ಳೆಯದು" ಎಂದು ನಮ್ಮ ಕಡೆ ಸಿಕ್ಕಿದವರೆಲ್ಲ ಹೇಳುತ್ತಾರೆ. ಸೀಟಿನ ಮೇಲೆ ಕೂತಿರುವಷ್ಟು ಹೊತ್ತು ಅದು ಬಹುಮಟ್ಟಿಗೆ ನಿಜ. ಪೆಟ್ಟಾದ ಪಾದಕ್ಕೆ ಅಪಾಯ ಇರುವುದು ಹತ್ತುವಾಗ, ಇಳಿಯುವಾಗ, ಬಸ್ಸಿಗೆ ದಾರಿ ಬಿಡಲು ಥಟ್ಟನೆ ಕಾಲೂರುವಾಗ, ಸ್ಟ್ಯಾಂಡ್ ಒದೆಯುವಾಗ. ನನ್ನದು ಎಡಗಾಲಿನ ಕಿರುಬೆರಳಿನ ಹಿಂದಿನ ಉದ್ದ ಎಲುಬಿನ, ಅಂದರೆ ಐದನೇ ಮೆಟಾಟಾರ್ಸಲಿನ, ಬುಡದ ಮುರಿತ. ಸೈಕಲ್ ಓಡುವುದು ಕಾಸರಗೋಡು ಜಿಲ್ಲೆಯ ಕುಂಬಳೆ, ನೀರ್ಚಾಲು, ಬದಿಯಡ್ಕದ ಸುತ್ತ. ಇಲ್ಲಿ ಬರೆದದ್ದು ಆ ಕಾಲಿಗೂ ಈ ರಸ್ತೆಗಳಿಗೂ ಹೊಂದಿದ ಕ್ರಮ. ಉಳುಕಿದ ಪಾದಕ್ಕೂ ಅಂಗಾಲಿನ ನೋವಿಗೂ ಇದರಲ್ಲಿ ಹೆಚ್ಚಿನದು ನಡೆಯುತ್ತದೆ.

ಈ ಎಲುಬಿನಲ್ಲಿ ಮುರಿತ ಎಲ್ಲಿ ಎಂಬುದೇ ಮುಖ್ಯ. ತೀರ ಬುಡದ ತುದಿ ಕಿತ್ತಿದ್ದರೆ ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಕೂಡುತ್ತದೆ. ಅಲ್ಲಿಂದ ಸ್ವಲ್ಪ ಮುಂದಕ್ಕೆ ಆದರೆ ಅದು ಜೋನ್ಸ್ ಮುರಿತ. ಆ ಜಾಗಕ್ಕೆ ರಕ್ತದ ಪೂರೈಕೆ ಕಡಿಮೆ, ಆದ್ದರಿಂದ ಕೂಡಲು ತಿಂಗಳುಗಳೇ ಬೇಕಾಗಬಹುದು, ಕೆಲವರಿಗೆ ಸ್ಕ್ರೂ ಹಾಕುತ್ತಾರೆ. ಬ್ರಿಟನ್ನಿನ ಎಲುಬಿನ ವೈದ್ಯ ರಾಬರ್ಟ್ ಜೋನ್ಸ್ ನೃತ್ಯ ಮಾಡುವಾಗ ತನ್ನದೇ ಪಾದಕ್ಕಾದ ಮುರಿತವನ್ನು 1902ರಲ್ಲಿ ವಿವರಿಸಿ ಬರೆದ. ಆ ಹೆಸರು ಬಂದದ್ದು ಹಾಗೆ. ಹಾಗಾಗಿ "ನೋವಿಲ್ಲ, ಹತ್ತುತ್ತೇನೆ" ಎಂಬ ಲೆಕ್ಕ ಸಾಲದು. ಎಕ್ಸ್‌ರೇಯಲ್ಲಿ ಕೂಡಿದೆ ಎಂದು ಡಾಕ್ಟರು ಹೇಳಬೇಕು, ಮುರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಚುಚ್ಚಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನೋವನ್ನು ಅಳತೆಗೋಲು ಮಾಡಿಕೊಳ್ಳಲೇಬಾರದು. ಅವರಿಗೆ ಎಕ್ಸ್‌ರೇಯೇ ಗತಿ.

ಇನ್ನು ಮನೆಯಲ್ಲೇ ಮಾಡುವ ಎರಡು ಪರೀಕ್ಷೆ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ. ಹೆಬ್ಬೆರಳಿನ ತುದಿಯಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ದೂರ ಇಟ್ಟರೂ ತಾಗುತ್ತದೆ ಎಂದು ಎರಡೂ ಕಾಲಿಗೆ ಅಳೆಯಿರಿ. 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪಾದದ ಗಂಟು ಇನ್ನೂ ಬಿಗಿದಿದೆ ಎಂದೇ ನನ್ನ ಲೆಕ್ಕ. ಪೆಡಲ್ ಮೇಲಕ್ಕೆ ಬಂದಾಗ ಆ ಬಿಗಿತವನ್ನು ಮೊಣಕಾಲು, ಸೊಂಟ ಹೊರಬೇಕಾಗುತ್ತದೆ. ಎರಡನೆಯದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಒಳ್ಳೆಯ ಕಾಲು 20 ಸಲ ಎತ್ತಿದರೆ ಪೆಟ್ಟಾದದ್ದು ಶುರುವಿಗೆ 5 ಎತ್ತಿದರೂ ಸಾಕು, ಸಮತಟ್ಟಿನಲ್ಲಿ ತುಳಿಯಬಹುದು. ಚಡವು ಹತ್ತಲು ಮಾತ್ರ 15 ಬೇಕು. ಮೀನಖಂಡ ಎಷ್ಟು ಕರಗಿದೆ ಎಂದು ಟೇಪು ಹಿಡಿದು ನೋಡಿದರೆ ಈ ಲೆಕ್ಕ ಯಾಕೆ ಎಂದು ತಾನಾಗಿ ಗೊತ್ತಾಗುತ್ತದೆ.

ಮೊದಲ ತುಳಿತ ಜಗಲಿಯಲ್ಲಿ, ಹಿಂದಿನ ಚಕ್ರವನ್ನು ನಿಂತಲ್ಲೇ ತುಳಿಯಲು ಬರುವ ಟ್ರೇನರ್ ಸ್ಟ್ಯಾಂಡಿಗೆ ಕಟ್ಟಿ. ದಿನ ಬಿಟ್ಟು ದಿನ 10 ನಿಮಿಷ, ಅತಿ ಹಗುರ ಗೇರು. ಹದಿನೈದು ಸೆಕೆಂಡಿನಲ್ಲಿ ಒಂದು ಮೊಣಕಾಲು ಎಷ್ಟು ಸಲ ಮೇಲೆ ಬರುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಗುತ್ತದೆ. ಮೊದಲು 60, ಆಮೇಲೆ 80. ಬಿಗಿ ಗೇರಿನಲ್ಲಿ ನಿಧಾನ ತುಳಿದರೆ ಪ್ರತಿ ಸುತ್ತಿಗೂ ಪಾದದ ಮೇಲೆ ಒತ್ತಡ ಜಾಸ್ತಿ. ಅದೇ ಕೆಲಸವನ್ನು ಹಗುರ ಗೇರಿನಲ್ಲಿ ಬೇಗ ಬೇಗ ತುಳಿದರೆ ಒತ್ತಡ ಹಂಚಿಹೋಗುತ್ತದೆ. ನೋವು ಹತ್ತರಲ್ಲಿ ಮೂರರ ಒಳಗಿದ್ದರೆ ಮುಂದುವರಿಸಬಹುದು. ಆದರೆ ತೀರ್ಪು ಕೊಡುವುದು ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆ. ಹಿಂದಿನ ಬೆಳಗ್ಗೆಗಿಂತ ಅದು ಹೆಚ್ಚು ನೋಯಿತೆಂದರೆ ಮುಂದಿನ ಸರದಿ ಅರ್ಧಕ್ಕೆ ಇಳಿಯಬೇಕು.

ಪೆಡಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಕ್ಲೀಟ್, ಅಂದರೆ ಬೂಟಿನ ಅಡಿಯನ್ನು ಪೆಡಲಿಗೆ ಸಿಕ್ಕಿಸುವ ಕೊಕ್ಕೆ, ಇದ್ದವರು ಆ ಪೆಡಲ್ ಬಿಚ್ಚಿ ಅಗಲ ಚಪ್ಪಟೆ ಪೆಡಲ್ ಹಾಕಿ. ಕ್ಲೀಟಿನಿಂದ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಆ ತಿರುಚು ತಾಗುವುದು ಪಾದದ ಹೊರ ಅಂಚಿಗೆ, ಅಂದರೆ ಮುರಿದ ಜಾಗಕ್ಕೇ. ಪೆಡಲ್ ಬಿಚ್ಚಲು 15 ಮಿ.ಮೀ. ಸ್ಪಾನರ್ ಬೇಕು. ಬಲದ್ದು ಮಾಮೂಲಿ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡದ ಪೆಡಲಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಬೇಕು. ಉಪ್ಪುಗಾಳಿಗೆ ಬಿಗಿದು ಹೋಗಿದ್ದರೆ ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಕೈಯಿಂದ ಒತ್ತಿ. ಸ್ಪಾನರಿನ ಮೇಲೆ ಕಾಲಿಟ್ಟು ತುಳಿಯುವ ಅಭ್ಯಾಸ ಈಗ ಬೇಡವೇ ಬೇಡ. ಹೊಸದನ್ನು ಹಾಕುವಾಗ ತಿರುಪಿಗೆ ಗ್ರೀಸ್ ಸವರಿದರೆ ಮುಂದಿನ ಮಳೆಗಾಲಕ್ಕೆ ಈ ಗೋಳು ಇಲ್ಲ. ಅಗಲ 95 ಮಿ.ಮೀ.ಗಿಂತ ಕಡಿಮೆ ಇದ್ದರೆ ಪಾದದ ಹೊರ ಅಂಚು ಗಾಳಿಯಲ್ಲಿ ನೇತಾಡುತ್ತದೆ. ನುಣ್ಣನೆಯ ಪ್ಲಾಸ್ಟಿಕ್ ಪೆಡಲ್ ಮಳೆಗೆ ಜಾರುತ್ತದೆ, ಸಣ್ಣ ಮೊಳೆಗಳಿರುವುದೇ ಆಗಬೇಕು.

ಪೆಡಲಿನ ಮೇಲೆ ಪಾದ ಎಲ್ಲಿ? ಸೈಕಲ್ ಕಲಿಸುವವರೆಲ್ಲ ಬೆರಳಿನ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ ಬರಲಿ ಎನ್ನುತ್ತಾರೆ. ಪೆಟ್ಟಾದ ಪಾದಕ್ಕೆ ಅದು ಬೇಡ. ಅಚ್ಚು ಪಾದದ ನಡುವಿಗೆ ಬರುವಂತೆ ಮುಂದಕ್ಕೆ ಸರಿಸಿಡಿ. ಆಗ ಮುಂಗಾಲಿನ ಎಲುಬುಗಳನ್ನು ಬಗ್ಗಿಸುವ ಭಾರ ಇಳಿಯುತ್ತದೆ, ಮೀನಖಂಡಕ್ಕೂ ಕೆಲಸ ಕಡಿಮೆ. ಇದರಿಂದ ಕಾಲು ತಲುಪುವ ಉದ್ದ ಕಡಿಮೆಯಾಗುತ್ತದೆ, ಆದ್ದರಿಂದ ಸೀಟನ್ನು 5ರಿಂದ 10 ಮಿ.ಮೀ. ಇಳಿಸಬೇಕು. ಇನ್ನೊಂದು ಸಂಗತಿ, ಪಾದ ಮುಂದೆ ಹೋದಾಗ ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಮುಂದಿನ ಚಕ್ರಕ್ಕೋ ಮಡ್‌ಗಾರ್ಡಿಗೋ ತಾಗಬಹುದು. ನಿಂತ ಸೈಕಲಿನಲ್ಲೇ ತಿರುಗಿಸಿ ನೋಡಿಕೊಳ್ಳಿ.

ಹವಾಯಿ ಚಪ್ಪಲಿಯಲ್ಲಿ ತುಳಿಯುವುದು ನಮ್ಮ ಕಡೆ ಮಾಮೂಲು. ಅದರ ಅಡಿ ಪೆಡಲಿನ ಅಂಚಿಗೆ ಬಗ್ಗಿ, ಇಡೀ ಒತ್ತಡ ಒಂದು ಗೆರೆಯಲ್ಲಿ ಎಲುಬಿಗೆ ಬೀಳುತ್ತದೆ. ಎರಡೂ ಕೈಯಲ್ಲಿ ಹಿಡಿದು ಮಡಚಿದರೆ ಸುಲಭಕ್ಕೆ ಮಡಚದ ಗಟ್ಟಿ ಅಡಿಯ ಬೂಟು ಬೇಕು. ಪಾದ ಬಾತುಕೊಂಡಿರುವ ಸಂಜೆ ಹೊತ್ತಿನಲ್ಲೇ ಬೂಟು ಕೊಳ್ಳಿ. ಕೂಡಿದ ಜಾಗದಲ್ಲಿ ಗಂಟು ಉಳಿದಿದ್ದರೆ ಬೂಟಿನ ಹೊಲಿಗೆ ಅಲ್ಲೇ ಉಜ್ಜುತ್ತದೆ. 5 ಮಿ.ಮೀ. ದಪ್ಪದ ಫೆಲ್ಟಿನ ತುಂಡಿನಲ್ಲಿ ಗಂಟಿನಷ್ಟೇ ತೂತು ಕತ್ತರಿಸಿ, ಗಂಟು ಆ ತೂತಿನೊಳಗೆ ಕೂರುವಂತೆ ಅಂಟಿಸಬೇಕು. ಗಂಟಿನ ಮೇಲೆಯೇ ಮೆತ್ತೆ ಇಟ್ಟರೆ ಉಜ್ಜುವುದು ಇನ್ನೂ ಹೆಚ್ಚುತ್ತದೆ. ಲೇಸು ಆ ನೇರದ ಒಂದು ತೂತು ಬಿಟ್ಟು ಹೋಗಲಿ.

ಈಗ ನೆಲದ ವಿಷಯ. ನಾವು ರಸ್ತೆಯ ಎಡಕ್ಕೆ ಹೋಗುವವರು, ನಿಲ್ಲಿಸಿದಾಗ ಊರುವುದು ಎಡಗಾಲು. ಎಡಗಾಲಿಗೇ ಪೆಟ್ಟಾಗಿದ್ದರೆ ಕಷ್ಟ ಇಮ್ಮಡಿ, ಯಾಕೆಂದರೆ ಡಾಂಬರಿನ ಎಡ ಅಂಚು ಮಳೆನೀರಿಗೆ ಕೊರೆದು ಅರ್ಧ ಅಡಿಯಷ್ಟು ಕೆಳಗಿರುತ್ತದೆ. ಅಲ್ಲಿರುವುದು ಮುರಕಲ್ಲಿನ ಚರಳು. ಪಾದ ಅದರ ಮೇಲೆ ಒಳಮಗ್ಗುಲಿಗೆ ಹೊರಳಿದರೆ ಐದನೇ ಮೆಟಾಟಾರ್ಸಲಿನ ಬುಡಕ್ಕೆ ಅಂಟಿದ ಸ್ನಾಯುರಜ್ಜು ಎಲುಬನ್ನು ಎಳೆಯುತ್ತದೆ, ಮೊದಲ ಸಲ ಮುರಿದದ್ದೂ ಬಹಳ ಮಂದಿಗೆ ಹಾಗೆಯೇ. ಆದ್ದರಿಂದ ಬಲಗಾಲು ಊರುವುದನ್ನು ಹೊಸದಾಗಿ ಕಲಿಯಬೇಕು. ಕ್ರಮ ಹೀಗೆ: ನಿಲ್ಲಿಸುವ ಹತ್ತು ಮೀಟರ್ ಮೊದಲೇ ಹಗುರ ಗೇರಿಗೆ ಬನ್ನಿ. ಎಡ ಪೆಡಲ್ ಕೆಳಗೆ ಇರಲಿ. ಎರಡೂ ಬ್ರೇಕ್ ಮೆಲ್ಲಗೆ ಹಿಡಿಯಿರಿ. ಸೈಕಲ್ ಪೂರ್ತಿ ನಿಲ್ಲುವ ಮೊದಲೇ ಹ್ಯಾಂಡಲನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಮೈ ಬಲಕ್ಕೆ ವಾಲುತ್ತದೆ, ಬಲಗಾಲು ತಾನಾಗಿ ನೆಲ ಹುಡುಕುತ್ತದೆ. ನಿಲ್ಲಿಸುವುದು ಡಾಂಬರಿನ ಮೇಲೆಯೇ, ಅಂಚಿನಿಂದ ಒಂದು ಅಡಿ ಒಳಗೆ, ಹಿಂದೆ ವಾಹನ ಇಲ್ಲವೆಂದು ತಿರುಗಿ ನೋಡಿಕೊಂಡು. ಅಂಗಳದಲ್ಲಿ ಇದನ್ನು ಹತ್ತಾರು ಸಲ ಮಾಡದೆ ರಸ್ತೆಗೆ ಇಳಿಯಬೇಡಿ. ಗಾಬರಿಯಾದಾಗ ಮೈ ಹಳೆಯ ಅಭ್ಯಾಸಕ್ಕೇ ಓಡುತ್ತದೆ.

ಹತ್ತುವ ರೀತಿಯೂ ಬದಲಾಗಬೇಕು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ದೂಡಿಕೊಂಡು ಹೋಗಿ ಹಾರಿ ಕೂರುವುದರಲ್ಲಿ ಇಡೀ ಮೈಭಾರ ಪೆಟ್ಟಾದ ಪಾದದ ಮೇಲೆ ನಿಲ್ಲುತ್ತದೆ. ಸೈಕಲನ್ನು ವಾಲಿಸಿ, ಕಾಲು ದಾಟಿಸಿ, ಎರಡೂ ಕಾಲಿನಲ್ಲಿ ನಿಂತು, ಒಳ್ಳೆಯ ಕಾಲಿನ ಪೆಡಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿನ ಜಾಗಕ್ಕೆ ತಂದು ಹೊರಡಿ. ಮೇಲಿನ ಬಾರ್ ಎತ್ತರವಾದರೆ ಸ್ವಲ್ಪ ದಿನಕ್ಕೆ ಲೇಡೀಸ್ ಸೈಕಲ್ ಕೇಳಿ ತನ್ನಿ. ನಾಚಿಕೆ ಪಡುವಂಥದ್ದೇನಿಲ್ಲ, ಕಾಲು ದಾಟಿಸಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ಸೈಡ್ ಸ್ಟ್ಯಾಂಡ್ ಇರುವುದೂ ಎಡಕ್ಕೇ, ಒದೆಯುವುದು ಪಾದದ ಅಂಚಿನಿಂದಲೇ. ಬಗ್ಗಿ ಕೈಯಲ್ಲಿ ಎಳೆಯಿರಿ, ಇಲ್ಲವೇ ಸೈಕಲನ್ನು ಗೋಡೆಗೋ ಅಡಿಕೆ ಮರಕ್ಕೋ ಒರಗಿಸಿ.

ಸೀಟಿನ ಎತ್ತರದಲ್ಲಿ ಒಂದು ಇಕ್ಕಟ್ಟಿದೆ. ಸರಿಯಾದ ಎತ್ತರ ಎಂದರೆ ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆ ಎತ್ತರದಲ್ಲಿ ಕೂತರೆ ನೆಲಕ್ಕೆ ಬೆರಳ ತುದಿ ಮಾತ್ರ ತಾಗುತ್ತದೆ. ಹಾಗಾಗಿ ರಸ್ತೆಯ ಮೊದಲ ಕೆಲವು ವಾರ 2 ಸೆಂ.ಮೀ. ಇಳಿಸಿಡಬಹುದು. ಆದರೆ ಸೀಟು ತಗ್ಗಿದಷ್ಟೂ ಪೆಡಲ್ ಮೇಲೆ ಬಂದಾಗ ಮೊಣಕಾಲೂ ಪಾದದ ಗಂಟೂ ಹೆಚ್ಚು ಮಡಚಬೇಕು. ಮಂಡಿಚಿಪ್ಪಿನ ಮುಂದೆ ನೋವು ಶುರುವಾದರೆ ಕಾರಣ ಅದೇ, ಎರಡೆರಡು ಮಿ.ಮೀ. ಏರಿಸುತ್ತ ಬನ್ನಿ. ಹಳೆಯ ಎತ್ತರದ ಗುರುತಿಗೆ ಸೀಟಿನ ಕಂಬಕ್ಕೆ ಇನ್ಸುಲೇಶನ್ ಟೇಪ್ ಸುತ್ತಿಟ್ಟರೆ ಅಂದಾಜಿನ ಕೆಲಸ ಇಲ್ಲ.

ತಿಂಗಳುಗಟ್ಟಲೆ ನಿಂತ ಸೈಕಲಿನಲ್ಲಿ ಮೊದಲು ನೋಡಬೇಕಾದದ್ದು ಬ್ರೇಕ್, ಕಾಲೂರಿ ನಿಲ್ಲಿಸುವ ದಾರಿ ಈಗ ಇಲ್ಲವಲ್ಲ. ಬ್ರೇಕ್ ಹಿಡಿದು ಬಿಟ್ಟಾಗ ಲಿವರ್ ಥಟ್ಟನೆ ಹಿಂದೆ ಬಾರದಿದ್ದರೆ ಕೇಬಲ್ ಕೊಳವೆಯೊಳಗೆ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು ಒದ್ದಾಡುವ ಬದಲು ಕೇಬಲ್, ಕೊಳವೆ ಎರಡನ್ನೂ ಬದಲಿಸಿ. ಹೊಳಪು ಬಂದ ಬ್ರೇಕ್ ರಬ್ಬರನ್ನು ಮರಳು ಕಾಗದದಲ್ಲಿ ಉಜ್ಜಿದರೆ ಹಿಡಿತ ಮರಳುತ್ತದೆ. ಟೈರಿನ ಪಕ್ಕದಲ್ಲಿ ನೂಲು ಕಾಣುವಷ್ಟು ಬಿರುಕಿದ್ದರೆ ಬದಲಿಸಲೇಬೇಕು. ಚೈನಿನ 12 ಪೂರ್ತಿ ಕೊಂಡಿ ಸರಿಯಾಗಿ 12 ಇಂಚು ಇರಬೇಕು, ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಬದಲಿಸುವ ಹೊತ್ತು. ಸವೆದ ಚೈನ್ ಒತ್ತಿ ತುಳಿದಾಗ ಹಾರುತ್ತದೆ, ಆಗ ಪಾದ ಧಡಕ್ಕನೆ ಕೆಳಗೆ ಬೀಳುತ್ತದೆ.

ರಸ್ತೆ ಆರಿಸುವುದರಲ್ಲಿ ಅವಸರ ಬೇಡ. ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಬಸ್ಸು ನಿಂತಲ್ಲೆಲ್ಲ ನೀವೂ ಕಾಲೂರಬೇಕು, ಅದು ಈ ಕಾಲಿಗೆ ಹೇಳಿದ್ದಲ್ಲ. ತೋಟಕ್ಕಿಳಿಯುವ ಪಂಚಾಯತಿನ ಕಾಂಕ್ರೀಟ್ ರಸ್ತೆ ಕಡಿದಾದದ್ದು, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಅಲ್ಲಿ ಇಳಿದು ನಡೆಯುವುದೂ ಕಷ್ಟವೇ. ಒಳ್ಳೆಯದು ಕಡಲಬದಿಯ ಸಮತಟ್ಟು ಒಳರಸ್ತೆ, ಇಲ್ಲವೇ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಚಪ್ಪಟೆ ದಾರಿ. ಪದವಿಗೆ ಸೈಕಲನ್ನು ಪಿಕಪ್ಪಿನಲ್ಲಿ ಏರಿಸಿಕೊಂಡು ಹೋದರೂ ಸರಿಯೇ. 5 ಕಿ.ಮೀ.ಯಿಂದ ಶುರು ಮಾಡಿ ವಾರಕ್ಕೆ ಹತ್ತರಿಂದ ಇಪ್ಪತ್ತು ಶೇಕಡ ಏರಿಸಿ, ನಾಲ್ಕನೇ ವಾರ ಏರಿಸದೆ ಬಿಡಿ. ಉಸಿರು, ತೊಡೆ ಬೇಗ ಹಳೆಯ ಹದಕ್ಕೆ ಬರುತ್ತವೆ, ಎಲುಬು ಬರುವುದಿಲ್ಲ. ಎರಡನೇ ತಿಂಗಳಲ್ಲಿ ಎಡವುವವರು ಎಡವುವುದು ಇಲ್ಲೇ. ಅಂಗಾಲಿನ ನೋವಿನವರಿಗೆ ಬೆಳಗ್ಗೆ ಪಾದ ಬಿಗಿದಿರುತ್ತದೆ, ಅವರು ಹತ್ತು ನಿಮಿಷ ಪಾದ ಆಡಿಸಿ ಹೊರಡಲಿ. ಬಾವು ಬರುವವರು ಸಂಜೆ ಬಿಟ್ಟು ಬೆಳಗ್ಗೆಯೇ ಮುಗಿಸಲಿ, ಬಂದ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಕಾಲು ಗಂಟೆ ಮಲಗಲಿ.

ಚಡವಿಗೆ ಬಂದರೆ, ಮುಂದೆ 24 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ 26 ಇಂಚಿನ ಚಕ್ರ ಪೆಡಲಿನ ಒಂದು ಸುತ್ತಿಗೆ ಸುಮಾರು ಒಂದು ಮುಕ್ಕಾಲು ಮೀಟರ್ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಹತ್ತಿರದ ವೇಗ. ಕುಂಬಳೆಯಿಂದ ಸೀತಾಂಗೋಳಿ ಕಡೆಯ ಏರಿಗೆ ಅಷ್ಟು ಸಾಕು. ಸೀಟಿನಿಂದ ಎದ್ದು ನಿಂತು ತುಳಿಯುವುದು ಎಲ್ಲಕ್ಕಿಂತ ಕೊನೆಗೆ. ಅದರಲ್ಲಿ ಮೈಭಾರವೂ ಕೈಯ ಎಳೆತವೂ ಒಟ್ಟಿಗೆ ಒಂದೇ ಪಾದಕ್ಕೆ ಇಳಿಯುತ್ತವೆ. ಪೊಸಡಿಗುಂಪೆಯಂಥ ಏರು ಅದರ ನಂತರದ ಮಾತು.

ಕ್ಲೀಟಿಗೆ ಮರಳಲೇಬೇಕು ಎನ್ನುವವರು ಒಂಟಿ ಕಾಲಿನ ಹಿಮ್ಮಡಿ ಎತ್ತುವಿಕೆ ಎರಡೂ ಕಡೆ ಸಮ ಬಂದ ಮೇಲೆ ಹಾಕಿ. ಕ್ಲೀಟನ್ನು ಬೂಟಿನಲ್ಲಿ ಎಷ್ಟು ಹಿಂದಕ್ಕೆ ಸರಿಯುತ್ತದೋ ಅಷ್ಟು ಹಿಮ್ಮಡಿಯ ಕಡೆಗೆ ಸರಿಸಿ, ಪೆಡಲಿನ ಸ್ಪ್ರಿಂಗನ್ನು ಅಲೆನ್ ಕೀಯಿಂದ ಅತಿ ಸಡಿಲಕ್ಕೆ ತನ್ನಿ. ಮೌಂಟನ್ ಬೈಕಿನ ಪೆಡಲಾದರೆ ಹಲವು ದಿಕ್ಕಿಗೆ ಬಿಡುವ ಮಲ್ಟಿ ರಿಲೀಸ್ ಕ್ಲೀಟ್ ಸಿಗುತ್ತದೆ, ಪೆಟ್ಟಾದ ಕಾಲಿಗೆ ಅದನ್ನೇ ಹಾಕಿ. ಒಳ್ಳೆಯ ಕಾಲಿಗೆ ಯಾವುದಾದರೂ ನಡೆಯುತ್ತದೆ.