‘ಕೆದಾರ್’ ಕಲಿತದ್ದು ಕನ್ನಡದ ದಾರಿಯಲ್ಲಿ

ಮ್ಯಾಡ್ರಿಡ್‌ಗೆ ಕೆಲಸಕ್ಕೆ ಹೋದ ಮೊದಲ ವಾರ. ಪಕ್ಕದ ಸೀಟಿನವನು ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಾ ಕೇಳಿದ: ‘ಕೆದಾಮೊಸ್ ಮಾನ್ಯಾನ? ಆ ಲಾಸ್ ಓಚೊ, ಎನ್ ಎಲ್ ಓಸೊ.’ ಕೆದಾರ್ ಅಂದರೆ ಉಳಿಯುವುದು ಅಂತ ಬೆಂಗಳೂರಿನ ಸ್ಪ್ಯಾನಿಷ್ ಕ್ಲಾಸಿನಲ್ಲಿ ಕಲಿತಿದ್ದೆ. ಓಸೊ ಅಂದರೆ ಕರಡಿ. ನಾಳೆ ಎಂಟಕ್ಕೆ ಕರಡಿಯಲ್ಲಿ ಉಳಿಯೋಣವಾ? ಏನೂ ಅರ್ಥವಾಗದೆ ಸುಮ್ನೆ ‘ಸೀ, ಸೀ’ (ಹೌದು, ಹೌದು) ಅಂದೆ. ಮರುದಿನ ಹೋಗಲೇ ಇಲ್ಲ.

ಆಮೇಲೆ ಗೊತ್ತಾಯಿತು. ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಮರಕ್ಕೆ ಕೈ ಊರಿ ನಿಂತ ಕರಡಿಯ ಪ್ರತಿಮೆ ಇದೆ, 1967ರದ್ದು. ಊರಿನ ಜನ ಭೇಟಿಯಾಗುವುದೇ ಅಲ್ಲಿ. ‘ಕೆದಾಮೊಸ್’ ಅಂದರೆ ‘ಸಿಗೋಣ’. ಪಾಪ, ಅವನು ಅರ್ಧ ಗಂಟೆ ಕಾದಿದ್ದನಂತೆ.

ನಿಘಂಟು ತೆಗೆದರೆ ಈ ಒಂದು ಕ್ರಿಯಾಪದಕ್ಕೆ ಇಂಗ್ಲಿಷ್ ಅರ್ಥಗಳ ಸಾಲೇ ಇತ್ತು. ಬಾಯಿಪಾಠ ಮಾಡಲು ನೋಡಿದೆ, ಆಗಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ ಇಟ್ಟೆ. ಕಿವಿಗೆ ಬಿದ್ದ ವಾಕ್ಯ ಮಾತ್ರ ಬರೆಯುವುದು, ಎದುರಿಗೆ ಮನೆಯಲ್ಲಿ ಆಡುವ ಕನ್ನಡ. ಇಂಗ್ಲಿಷಿಗೆ ಜಾಗವೇ ಇಲ್ಲ.

ಹೀಗೆ ಬರೆಯತೊಡಗಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ‘ಕೇದನ್ ದೋಸ್’ ಅಂದರೆ ‘ಎರಡು ಉಳಿದಿವೆ’. ಇದು ಬರೀ ಕೆದಾರ್. ಬಾಲಕ್ಕೆ ‘ಸೆ’ ಸೇರಿ ಕೆದಾರ್ಸೆ ಆದರೆ ‘ಉಳಿದುಕೊಳ್ಳುವುದು’. ಮುಂದೆ ‘ಕೊನ್’ ಬಂದರೆ ‘ಉಳಿಸಿಕೊಳ್ಳುವುದು’. ಕಾಫಿಯ ಬಿಲ್ ಕೊಟ್ಟು ‘ಕೇದೆಸೆ ಕೊನ್ ಎಲ್ ಕಾಂಬ್ಯೊ’ ಅಂದರೆ ‘ಚಿಲ್ಲರೆ ನೀವೇ ಇಟ್ಕೊಳ್ಳಿ’. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನೇ ಇಲ್ಲಿ ಆ ಪುಟ್ಟ ‘ಸೆ’ ಮಾಡುತ್ತಿದೆ, ಅಲ್ವಾ? ಎಲ್ಲ ಕಡೆ ಹೀಗೆ ಹೊಂದುವುದಿಲ್ಲ, ನಿಜ. ಆದರೆ ಈ ಪದಕ್ಕೆ ಚೆನ್ನಾಗಿ ಹೊಂದುತ್ತದೆ.

ಒಂದು ಭಾನುವಾರ ರಾಸ್ತ್ರೊ ಸಂತೆಯಲ್ಲಿ ಹಳೇ ಜಾಕೆಟ್ ಹಾಕಿ ನೋಡುತ್ತಿದ್ದೆ. ‘ಮೆ ಕೇದೊ ಬ್ಯೆನ್’ ಅಂದೆ. ಅಂಗಡಿಯಾಕೆ ನಕ್ಕು ತಿದ್ದಿದಳು: ‘ತೆ ಕೇದ ಬ್ಯೆನ್.’ ‘ಕೇದೊ’ ಅಂದರೆ ಕರ್ತೃ ನಾನು, ‘ಕೇದ’ ಅಂದರೆ ಜಾಕೆಟ್. ಚೆನ್ನಾಗಿರುವುದು ಜಾಕೆಟ್, ನಾನಲ್ಲ! ಕನ್ನಡದಲ್ಲಿ ಯೋಚಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ‘ಜಾಕೆಟ್ ನನಗೆ ಒಪ್ಪುತ್ತದೆ’ ಅನ್ನುತ್ತೇವೆ. ಕರ್ತೃ ಜಾಕೆಟ್, ನಾನು ಬರೀ ‘ನನಗೆ’. ಅದೇ ‘ಮೆ’. ‘ಮೆ ಕೇದನ್ ದ್ಯೇಸ್ ಎವ್ರೊಸ್’ ಕೂಡ ಹಾಗೆಯೇ: ನನ್ನ ಹತ್ತಿರ ಹತ್ತು ಯೂರೋ ಉಳಿದಿದೆ. ಚೌಕಾಸಿ ಮುಗಿಸಿ ‘ಮೆ ಲಾ ಕೇದೊ’ ಅಂದೆ, ಅಂದರೆ ‘ಇದನ್ನು ನಾನೇ ತಗೋತೀನಿ’. ಈ ಸಲ ತಿದ್ದಲಿಲ್ಲ.

ಕಷ್ಟ ಕೊಟ್ಟದ್ದು ಇನ್ನೊಂದು ಬಗೆ. ‘ಮೆ ಕೆದೇ ದೊರ್ಮೀದೊ’ ಅಂದರೆ ‘ನಿದ್ದೆ ಹೋಗಿಬಿಟ್ಟೆ’. ಆಫೀಸಿಗೆ ತಡವಾದಾಗ ಬಹಳ ಉಪಯೋಗ. ‘ಸೆ ಕೆದೋ ದೆ ಪ್ಯೇದ್ರ’ ಅಂದರೆ ‘ಕಲ್ಲಾಗಿ ನಿಂತುಬಿಟ್ಟ’. ಇಲ್ಲಿ ‘ಉಳಿ’ ನಡೆಯುವುದಿಲ್ಲ, ‘ಬಿಡು’ ಬೇಕು. ಒಂದು ಸ್ಥಿತಿಗೆ ಬಂದು ಅಲ್ಲೇ ನಿಲ್ಲುವುದು. ಈ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ಕ್ವಿಯೆತಾರೆ’ಯಿಂದ, ಸುಮ್ಮನಾಗಿಸು ಅನ್ನುವ ಅರ್ಥದ ಮಾತು. ಅದು ತಿಳಿದ ಮೇಲೆ ‘ಕೆದಾಮೊಸ್’ ಕೂಡ ಅಷ್ಟು ವಿಚಿತ್ರ ಅನ್ನಿಸಲಿಲ್ಲ. ಮಾತು ಅತ್ತಿತ್ತ ಆಡಿ ಒಂದು ಕಡೆ ನಿಂತಿತು ಅಂದುಕೊಂಡೆ.

ಲ್ಯಾಟಿನ್ ಅಮೆರಿಕದವರ ಜೊತೆ ಮಾತಾಡುವಾಗ ಮಾತ್ರ ಸ್ವಲ್ಪ ಎಚ್ಚರ. ‘ಸಿಗೋಣ’ ಅನ್ನಲು ಅಲ್ಲಿ ‘ನೋಸ್ ವೇಮೊಸ್’ ಜಾಸ್ತಿ. ಒಂದು ಜಾಗ ಎಲ್ಲಿದೆ ಅಂತ ಕೇಳಲು ‘ದೋಂದೆ ಕೇದ?’ ಅನ್ನುತ್ತಾರೆ, ಸ್ಪೇನ್‌ನಲ್ಲಿ ಹೆಚ್ಚಾಗಿ ‘ದೋಂದೆ ಎಸ್ತಾ?’

ಕರಡಿ ಹತ್ತಿರ ಕಾದವನು ಮುಂದೆ ತನ್ನ ಅಮ್ಮನ ಮನೆಗೆ ಕರೆದುಕೊಂಡು ಹೋದ. ಹೊರಡಲು ಎದ್ದಾಗ ಆಕೆ ಅಡುಗೆಮನೆಯಿಂದಲೇ ಕೂಗಿದರು: ‘ಕೇದತೆ ಆ ಕೊಮೇರ್!’ ನೋಟ್‌ಬುಕ್ಕಿನಲ್ಲಿ ಅದರ ಎದುರು ಬರೆದದ್ದು: ‘ಊಟಕ್ಕೆ ಉಳ್ಕೋ.’